ಕೆಂಪಾಗದ ಕೂಸುಗಳ ಕಾಂಪೌಂಡರ್

ಮದ್ದೂರಿನ ಔಷಧಾಲಯಕ್ಕೆ ಡಾಕ್ಟರುಗಳು ಬಂದರು, ಎರಡೋ ಮೂರೋ ವರ್ಷ ಇದ್ದರು, ವರ್ಗವಾಗಿ ಹೋದರು. ಕಾಂಪೌಂಡರ್ ಪಾರ್ಥಸಾರಥಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಔಷಧಿ ಕಲಸುವ ಮೇಜು ನೆಲಕ್ಕೆ ಕಚ್ಚಿಕೊಂಡಿದ್ದ ಹಾಗೆ ಅವರೂ ಆ ಊರಿಗೆ ಕಚ್ಚಿಕೊಂಡಿದ್ದರು. ಐದಡಿ ಎರಡಂಗುಲದ ಆಳು. ಹಣೆಗೆ ನಾಮ, ಸೊಂಟಕ್ಕೆ ಕಚ್ಚೆಪಂಚೆ, ಅದರ ಮೇಲೊಂದು ಕರಿಯ ಕೋಟು, ಕೋಟಿನ ತುಂಬ ಅಯೋಡಿನ್ನಿನ ಕಲೆ. ಈ ವೇಷದಲ್ಲಿ ಅವರು ಹದಿನೇಳು ವರ್ಷ ಸೀಸೆಗಳನ್ನು ಕುಲುಕಿ ಕುಲುಕಿ ಕೊಟ್ಟರು. ಹದಿನೆಂಟನೆಯ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಅವರ ಕೈಗೆ ಆಯುಧ ಬಂತು.

ಆಯುಧವೆಂದರೆ ಪುಸ್ತಕ. ಶಿಶುಗಳಿಗೂ ಮಕ್ಕಳಿಗೂ ಬರುವ ಚರ್ಮದ ಕಾಯಿಲೆಗಳನ್ನೆಲ್ಲ ಒಂದನ್ನೂ ಬಿಡದೆ ಹಿಡಿದು ತಂದು, ಅಕ್ಷರದ ಸಾಲಿನಲ್ಲಿ ನಿಲ್ಲಿಸಿ, ಬಣ್ಣದ ಚಿತ್ರಗಳ ಸಮೇತ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿದ್ದ ಇಂಗ್ಲಿಷಿನ ಆಕರಗ್ರಂಥ, ಎರಡು ಸಂಪುಟ. ಕೋಲಾರಕ್ಕೆ ವರ್ಗವಾಗಿದ್ದ ಡಾಕ್ಟರು ಗಂಟುಮೂಟೆ ಕಟ್ಟುವಾಗ ಟ್ರಂಕಿನ ಮುಚ್ಚಳ ಹಾಕಲಾಗಲಿಲ್ಲ. ಮೇಲಿನ ಎರಡನ್ನು ತೆಗೆದರು, ಮುಚ್ಚಳ ಕೂತಿತು. "ಇವು ನಿಮಗಿರಲಿ ಪಾರ್ಥಸಾರಥಿ" ಎಂದರು. ಮಹಾಕಾವ್ಯಗಳಲ್ಲಿ ದೇವತೆಗಳು ತಪಸ್ಸಿಗೆ ಮೆಚ್ಚಿ ಅಸ್ತ್ರ ಕೊಡುತ್ತಾರೆ. ಇಲ್ಲಿ ಟ್ರಂಕು ಕೊಟ್ಟಿತು.

ಲೋವರ್ ಸೆಕೆಂಡರಿಯ ಇಂಗ್ಲಿಷನ್ನೂ ಒಂದು ಹರಿದ ಡಿಕ್ಷನರಿಯನ್ನೂ ಜೊತೆಗಿಟ್ಟುಕೊಂಡು ಅವರು ಎರಡು ವರ್ಷ ಓದಿದರು. ಮನೆಯಲ್ಲಿ ಹೆಂಡತಿ ಆಂಡಾಳ್ ಮೊದಲನೆಯ ಸಂಪುಟದ ತೂಕವನ್ನು ಮೆಚ್ಚಿ, ಅದನ್ನು ಮಾವಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಳು. ಅದನ್ನು ಕಂಡ ದಿನ ಪಾರ್ಥಸಾರಥಿ ಒಂದು ಹೊತ್ತು ಊಟ ಬಿಟ್ಟರು. ಆಂಡಾಳ್ ಆ ಅನ್ನಕ್ಕೆ ನೀರು ಹೊಯ್ದಿಟ್ಟು ಮಾರನೆಯ ದಿನ ಅವರಿಗೇ ಬಡಿಸಿದಳು.

ಪುಸ್ತಕ ಪೂರ್ತಿ ವಶವಾಯಿತು ಎನ್ನುವಾಗ ದೊಡ್ಡ ತೊಡಕೊಂದು ಎದುರಾಯಿತು. ಪುಸ್ತಕದ ಕೂಸುಗಳೆಲ್ಲ ಬೆಣ್ಣೆಯ ಬಣ್ಣ. ಅವುಗಳ ಮೈಮೇಲೆ ಎದ್ದದ್ದೆಲ್ಲ ಕೆಂಪು. ಆ ಕೆಂಪಿನಲ್ಲೇ ಹನ್ನೊಂದು ಬಗೆ: ಗುಲಾಬಿ ಕೆಂಪು, ಇಟ್ಟಿಗೆ ಕೆಂಪು, ದ್ರಾಕ್ಷಾರಸದ ಕೆಂಪು, ಹಸಿಮಾಂಸದ ಕೆಂಪು. ಈ ಕೊನೆಯದು ಹೇಗಿರುತ್ತದೆಂದು ತಿಳಿಯಲು ನಮ್ಮ ಶ್ರೀವೈಷ್ಣವರು ಸಂತೆಯ ಮೂಲೆಯ ಅಂಗಡಿಯನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೋಡಿ ಬಂದರು. ಆದರೆ ಮದ್ದೂರು ಸೀಮೆಯ ಕೂಸುಗಳೋ ರಾಗಿಯ ಬಣ್ಣ, ಹುರುಳಿಯ ಬಣ್ಣ, ಹೊಸ ಬೆಲ್ಲದ ಬಣ್ಣ. ಅವು ಏನು ಮಾಡಿದರೂ ಕೆಂಪಾಗವು. ಹನ್ನೊಂದು ಕೆಂಪು ಕಲಿತ ಪಂಡಿತರಿಗೆ ಒಂದೂ ಸಿಕ್ಕಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಪುಸ್ತಕವನ್ನು ಜಾಡಿಯ ಮೇಲೆಯೇ ಬಿಡುತ್ತಿದ್ದರು. ಪಾರ್ಥಸಾರಥಿ ಪೆನ್ಸಿಲು ಚೂಪು ಮಾಡಿದರು. ಔಷಧಾಲಯಕ್ಕೆ ಬಂದ ಒಂದೊಂದು ಕೂಸನ್ನೂ ಬೆಳಕಿಗೆ ಹಿಡಿದು, ಪುಟದ ಅಂಚಿನ ಖಾಲಿ ಜಾಗದಲ್ಲಿ ಕನ್ನಡದಲ್ಲಿ ತಿದ್ದತೊಡಗಿದರು. "ಇಲ್ಲಿ ಕೆಂಪಲ್ಲ, ನೇರಳೆಹಣ್ಣಿನ ಕಲೆ." "ಇದು ನಮ್ಮಲ್ಲಿ ಬೂದಿ ಬಳಿದ ಹಾಗೆ." "ಕಣ್ಣಿಗೆ ಕಾಣದು. ಕೈಯ ಹಿಂಬದಿಯಿಂದ ಮುಟ್ಟಿ ನೋಡು, ಬಿಸಿ ಇರುತ್ತದೆ." ಇಂಗ್ಲೆಂಡಿನ ಪಂಡಿತರು ಪುಟದ ನಡುವೆ ಮಾತಾಡುತ್ತಿದ್ದರೆ ಅವರ ಸುತ್ತ ಮದ್ದೂರು ಕೂತು ಉತ್ತರ ಹೇಳುತ್ತಿತ್ತು.

ಸೋಲುಗಳೂ ಆದವು. ಮಳವಳ್ಳಿಗೆ ಮದುವೆಗೆಂದು ಹೋದಾಗ ಒಬ್ಬ ಹೆಂಗಸು ಕೊರಳ ಸುತ್ತ ಹುಣ್ಣಾಗಿದ್ದ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಪುಸ್ತಕದ ಪ್ರಕಾರ ಕೊರಳ ಹುಣ್ಣಿಗೆ ಉಣ್ಣೆಯ ಬಟ್ಟೆಯೇ ಕಾರಣ. "ಏನಮ್ಮ, ಕೂಸಿಗೆ ಫ್ಲಾನೆಲ್ ತೊಡಿಸ್ತೀರಾ?" ಎಂದು ಗಂಭೀರವಾಗಿ ಕೇಳಿದರು.

"ಅದೇನ್ ಸೋಮಿ, ತಿನ್ನಾದಾ ಕುಡ್ಯಾದಾ?" ಎಂದಳು ಆಕೆ.

ಚಪ್ಪರವೆಲ್ಲ ನಕ್ಕಿತು. ನಗು ನಿಂತ ಮೇಲೆ ನೋಡಿದರೆ ಕೊರಳಲ್ಲಿ ಬಜೆಯ ತುಂಡು ಕಟ್ಟಿದ ಒರಟು ಕರಿದಾರವಿತ್ತು. ಬಿಚ್ಚಿಸಿದರು, ವಾರದಲ್ಲಿ ಹುಣ್ಣು ಮಾಯಿತು. ಅಂದಿನಿಂದ ಅವರು ಕಾಯಿಲೆಯ ಹೆಸರನ್ನು ಆಮೇಲೆ ಹುಡುಕುತ್ತಿದ್ದರು. ಮೊದಲು ಆ ಜಾಗಕ್ಕೆ ಏನು ತಾಗುತ್ತದೆ ಎಂದು ನೋಡುತ್ತಿದ್ದರು. ದುದ್ದದಿಂದ ಜನ ಗಾಡಿ ಕಟ್ಟಿಕೊಂಡು ಬರತೊಡಗಿದರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಅಲ್ಲಿನ ಗುಮಾಸ್ತರ ಹೆಂಡತಿಯರೂ ಕೂಸುಗಳನ್ನೆತ್ತಿಕೊಂಡು ರೈಲಿನಲ್ಲಿ ಬಂದರು. ಕಜ್ಜಿ, ಇಸುಬು, ಹುಳುಕಡ್ಡಿ, ಬೆವರುಸಾಲೆ ಇವೆಲ್ಲ ಪಾರ್ಥಸಾರಥಿಯ ಹೆಸರು ಕೇಳಿದರೆ ನಡುಗುತ್ತವೆ ಎಂದು ಪಾರ್ಥಸಾರಥಿಯೇ ಹೇಳುತ್ತಿದ್ದರು.

ಹೀಗಿರುವಾಗ ಮೂವತ್ತಾರನೆಯ ಇಸವಿಯ ಬೇಸಿಗೆ ಬಂತು. ಡಾಕ್ಟರು ಮಗಳ ಮದುವೆಗೆ ರಜ ಹಾಕಿ ಮೈಸೂರಿಗೆ ಹೋಗಿದ್ದರು. ಒಂದು ಬೆಳಗ್ಗೆ ಬೆಸಗರಹಳ್ಳಿಯ ನಿಂಗಯ್ಯ ಔಷಧಾಲಯದ ಮೆಟ್ಟಿಲ ಮೇಲೆ ಬಂದು ಏದುಸಿರು ಬಿಡುತ್ತ ನಿಂತ. ಅವನ ತಾಯಿ ಅಂಕಮ್ಮ ಪಾರ್ಥಸಾರಥಿಯ ಮನೆಗೆ ವಾರಕ್ಕೊಮ್ಮೆ ಬೆಣ್ಣೆ ತಂದು ಹಾಕುವವಳು.

"ಸೋಮಿ, ನಮ್ ಕೂಸ್ಗೆ ಅಮ್ಮ ಬಂದವ್ಳೆ ಅಂತ ಇನ್ಸ್‌ಪೆಟ್ರು ಗಾಡಿ ಕಟ್ಸವ್ರೆ. ತಾಯಿ ಮಗೀನ ಊರಾಚೆ ಸೆಡ್ಡಿಗೆ ಆಕ್ತಾರಂತೆ. ಅಲ್ಲಿ ನಿಜವಾಗ್ಲೂ ಅಮ್ಮ ಬಂದೋರು ಮೂರ್ ಜನ ಮಲಗವ್ರೆ."

ಅಮ್ಮ ಎಂದರೆ ಸಿಡುಬು. ಕೂಸಿಗೆ ಮೂರು ತಿಂಗಳು. ಇನ್ನೂ ದೇವಿ ಹಾಕಿಸಿರಲಿಲ್ಲ, ಅಂದರೆ ಸಿಡುಬಿನ ಲಸಿಕೆ ಆಗಿರಲಿಲ್ಲ. "ಜ್ವರ ಎಷ್ಟಿದೆ?" ಎಂದರು ಪಾರ್ಥಸಾರಥಿ.

"ಜರ ಎಲ್ಲೈತೆ ಸೋಮಿ? ಹಾಲ್ ಕುಡೀತದೆ, ಒದೀತದೆ. ನೆನ್ನೆ ನನ್ ಮೂತಿಗೇ ಒದ್ದದೆ. ಅಮ್ಮ ಬಂದ್ ಕೂಸು ಇಂಗ್ ಒದ್ದದಾ?"

ಪಾರ್ಥಸಾರಥಿ ಎದ್ದರು. ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಪುಟ್ಟಸ್ವಾಮಿಗೆ ಬೀಗದ ಕೈ ಕೊಟ್ಟರು. ಎರಡನೆಯ ಸಂಪುಟವನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದರು, ಮೊದಲನೆಯದನ್ನು ನಿಂಗಯ್ಯನ ತಲೆಯ ಮೇಲಿಟ್ಟರು. ಕಬ್ಬಿನ ಗಾಡಿಗಳು ಎಬ್ಬಿಸಿದ ಧೂಳಿನಲ್ಲಿ ಸೈನ್ಯ ಬೆಸಗರಹಳ್ಳಿಗೆ ಹೊರಟಿತು. ಸೈಕಲ್ಲಿನ ಬ್ರೇಕು ಎರಡು ವರ್ಷದಿಂದ ಹಿಡಿಯುತ್ತಿರಲಿಲ್ಲ. ಆದ್ದರಿಂದ ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ನಿಂಗಯ್ಯನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಂಗಳದಲ್ಲಿ ಹೂಡಿದ ಗಾಡಿ. ಗಾಡಿಯ ಪಕ್ಕದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ ಖಾಕಿ ತೊಟ್ಟು ನಿಂತಿದ್ದರು. ಒಳ್ಳೆಯ ಮನುಷ್ಯ, ಆರಡಿ ಎತ್ತರ. ಅವರ ಮುಖ ನೋಡಬೇಕಾದರೆ ಪಾರ್ಥಸಾರಥಿ ಒಂದೋ ಕತ್ತೆತ್ತಬೇಕು, ಇಲ್ಲವೇ ಜಗಲಿ ಹತ್ತಬೇಕು. ಅವರು ಜಗಲಿ ಹತ್ತಿದರು.

"ಕೂಸನ್ನು ನೋಡಿ ಕಳಿಸಿಕೊಡ್ತೀನಿ, ಒಂದು ಗಳಿಗೆ ಇರಿ."

"ನೋಡೋದೇನ್ರೀ ಪಾರ್ಥಸಾರಥಿ? ನಾಲ್ಕು ದಿನದಿಂದ ದಿನಾ ಹೆಚ್ಚುತ್ತಿದೆ. ಹೋದ ವರ್ಷ ಇನ್ನೊಂದು ಹಳ್ಳೀಲಿ ನಾಳೆ ನೋಡೋಣ ಅಂದೆ. ಏಳು ಮಕ್ಕಳು ಹೋದವು ಕಣ್ರೀ. ಇನ್ನು ಆ ಮಾತು ನನ್ನ ಬಾಯಲ್ಲಿ ಬರೋಲ್ಲ."

ಪಾರ್ಥಸಾರಥಿ ಒಳಗೆ ಹೋದರು. ಮೂಲೆಯಲ್ಲಿ ನಿಂಗಯ್ಯನ ಹೆಂಡತಿ ಯಶೋದಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳು ಮಾತಾಡಲಿಲ್ಲ, ಅಳಲಿಲ್ಲ. ಹತ್ತಿರ ಬಂದವರ ಕೈಗಳನ್ನು ಮಾತ್ರ ನೋಡುತ್ತಿದ್ದಳು. ಕೂಸನ್ನು ಪಾರ್ಥಸಾರಥಿಯ ಮಡಿಲಿಗೆ ಹಾಕಿಯೂ ಅದರ ಒಂದು ಕಾಲನ್ನು ಹಿಡಿದುಕೊಂಡೇ ಇದ್ದಳು.

ಸಿಡುಬು ಹೆಚ್ಚಾಗಿ ಏಳುವ ಮುಖದಲ್ಲಿ ಏನೂ ಇಲ್ಲ. ಅಂಗೈ, ಅಂಗಾಲು ಶುದ್ಧ. ಬೋರಲು ಮಾಡಿದರೆ ಬೆನ್ನಿನ ಬಲಭಾಗದಲ್ಲಿ ನೀರು ತುಂಬಿದ ಗುಳ್ಳೆಗಳು, ಒಂದಕ್ಕೊಂದು ಅಂಟಿಕೊಂಡು. ಅದರ ಅಂಚನ್ನು ನೋಡಿ ಪಾರ್ಥಸಾರಥಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಗುಳ್ಳೆಗಳು ಮೇಲಿನಿಂದ ನೇರವಾಗಿ ಇಳಿದು, ಮೂಲೆ ತಿರುಗಿ, ಮತ್ತೆ ನೇರವಾಗಿ ಹೋಗಿದ್ದವು. ಬಡಗಿ ಗೀಟು ಹಾಕಿಕೊಟ್ಟ ಹಾಗೆ.

ಅವರು ಎರಡನೆಯ ಸಂಪುಟ ಬಿಚ್ಚಿದರು. ತೋಟದ ಗಿಡವೊಂದನ್ನು ಮುಟ್ಟಿ ಗುಳ್ಳೆ ಎಬ್ಬಿಸಿಕೊಂಡ ಬೆಣ್ಣೆಯ ಕೂಸಿನ ಚಿತ್ರ. ಅದರ ಕೆಳಗೊಂದು ಸಾಲು. ಇನ್ಸ್‌ಪೆಕ್ಟರಿಗೂ ಕೇಳಲೆಂದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದರು: "ರೋಗಕ್ಕೆ ಮೂಲೆ ಇಲ್ಲ. ಗುಳ್ಳೆ ಗೆರೆ ಎಳೆದ ಹಾಗೆ ನಿಂತರೆ ಅದು ಒಳಗಿನಿಂದ ಬಂದದ್ದಲ್ಲ, ಹೊರಗಿನಿಂದ ತಾಗಿದ್ದು." ಆಮೇಲೆ ಅಂಕಮ್ಮನ ಕಡೆ ತಿರುಗಿದರು. "ಕೂಸು ಯಾವುದರ ಮೇಲೆ ಮಲಗುತ್ತೆ?"

"ತೊಟ್ಲಲ್ಲಿ ಆಸಿರೋ ಬಟ್ಟೆ ಮ್ಯಾಲೆ. ತೊಟ್ಲು ಆಕಿದ್ ದಿನದಿಂದ ಅದೇ."

"ಎಷ್ಟು ದಿನವಾಯ್ತು?"

"ವಾರಾಯ್ತು ಕಣ್ ಸೋಮಿ. ಮೂರ್ ದಿನಕ್ಕೆ ಅಮ್ಮ ಬಂದ್ಲು. ಅಮ್ಮ ಬಂದ್ಮ್ಯಾಕೆ ಬಟ್ಟೆ ತೆಗ್ಯಂಗಿಲ್ಲ, ಒಗ್ಯಂಗಿಲ್ಲ. ನಿಮ್ಗ್ ಗೊತ್ತಿಲ್ವಾ?"

ಗೊತ್ತಿತ್ತು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಬಂದ ಮನೆಯಲ್ಲಿ ಒಗೆಯುವ ಹಾಗಿಲ್ಲ, ಒಗ್ಗರಣೆ ಹಾಕುವ ಹಾಗಿಲ್ಲ, ಹಾಸಿಗೆ ಬದಲಾಯಿಸುವ ಹಾಗಿಲ್ಲ. ಗುಳ್ಳೆ ಎದ್ದಿತೆಂದು ಬಟ್ಟೆಯನ್ನು ಮುಟ್ಟಲಿಲ್ಲ. ಮುಟ್ಟಲಿಲ್ಲವೆಂದು ಗುಳ್ಳೆ ಹೆಚ್ಚಿತು. ಪಾರ್ಥಸಾರಥಿ ತೊಟ್ಟಿಲಿಗೆ ಕೈ ಹಾಕಿ ಬಟ್ಟೆಯನ್ನು ಎಳೆದರು. ಅಂಕಮ್ಮ "ಅಯ್ಯೋ!" ಎಂದಳು. ಹಳೆಯ, ಮೆತ್ತಗಿನ ಪಂಚೆ. ನಾಲ್ಕು ಮಡಿಕೆ. ಒಂದು ಮೂಲೆಯಲ್ಲಿ ಅಗಸರು ಬಟ್ಟೆ ಬೆರೆಯದಿರಲೆಂದು ಹಾಕುವ ಕರಿಯ ಗುರುತು: ಅರ್ಧಚಂದ್ರ, ಕೆಳಗೆ ಮೂರು ಚುಕ್ಕೆ. ಹೊಸದಾಗಿ ಹಾಕಿದ್ದು. ಎಣ್ಣೆಯಾಡುತ್ತಿದ್ದ ಆ ಕಪ್ಪು ಮಡಿಕೆಯ ಅಂಚಿಗೆಲ್ಲ ಹಬ್ಬಿತ್ತು.

ಪಾರ್ಥಸಾರಥಿ ತಾವು ಉಟ್ಟಿದ್ದ ಪಂಚೆಯ ಚುಂಗನ್ನು ಮೆಲ್ಲಗೆ ಎತ್ತಿ ನೋಡಿದರು. ಅರ್ಧಚಂದ್ರ, ಕೆಳಗೆ ಮೂರು ಚುಕ್ಕೆ.

"ನಿಮ್ಮನೆ ಅಮ್ಮಾರೇ ಕೊಟ್ಟಿದ್ದು ಸೋಮಿ" ಎಂದಳು ಅಂಕಮ್ಮ. "ನಿಮ್ಮಪ್ಪಾರದು. ಎಂಬತ್ತಾರ್ ವರ್ಸ ಬದ್ಕಿ ಇನ್ನೂ ಕಡ್ಲೆಕಾಯ್ ಕಡೀತಾರೆ. ಅವರ್ ಪಂಚೆ ಮ್ಯಾಲೆ ಮಲಗಿದ್ರೆ ಕೂಸ್ಗೂ ಅಷ್ಟೇ ಆಯಸ್ಸು ಅಂತ ನಾನೇ ಕೇಳಿ ಈಸ್ಕೊಂಡೆ."

ಮೂರು ವರ್ಷ ಮೂರು ತಾಲ್ಲೂಕಿನ ಚರ್ಮರೋಗಗಳನ್ನು ಅಟ್ಟಿಸಿಕೊಂಡು ಹೋಗಿದ್ದ ವೀರ ಕೊನೆಗೆ ಶತ್ರುವಿನ ಬೀಡನ್ನು ತನ್ನ ಮನೆಯಲ್ಲಿ ಬಟ್ಟೆ ಒಣಹಾಕುವ ಗಳುವಿನ ಮೇಲೆ ಕಂಡಿದ್ದ. ಸುಮ್ಮನಿದ್ದುಬಿಡುವ ಆಸೆ ಒಂದು ಕ್ಷಣ ಬಂತು. ಕೂಸಿನ ಕಾಲು ಹಿಡಿದ ಯಶೋದಮ್ಮನ ಕೈ ಕಂಡಿತು. ಪಾರ್ಥಸಾರಥಿ ಪಂಚೆಯನ್ನು ಹಿಡಿದುಕೊಂಡು ಜಗಲಿಗೆ ಬಂದು, ಊರವರೆಲ್ಲ ಕೇಳುವಂತೆ ಹೇಳಿದರು: "ಇದು ಸಿಡುಬಲ್ಲ. ಇದು ನಮ್ಮಪ್ಪನ ಪಂಚೆ."

ಅಗಸ ಮಾದಯ್ಯ ಗುರುತು ಹಾಕುವುದು ಗೇರುಕಾಯಿಯ, ಅಂದರೆ ಕಾಡಿನ ಕರಿಗೇರಿನ ರಸದಿಂದ. ಹಸಿಯಾಗಿದ್ದಾಗ ಅದು ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಹಳೆಯ ಗುರುತು ಮಾಸಿತೆಂದು ಅವನು ಹೊಸದು ಹಾಕಿದ್ದಾನೆ. ಆರುವ ಮೊದಲೇ ಪಂಚೆ ತೊಟ್ಟಿಲು ಸೇರಿದೆ. ಇಷ್ಟನ್ನೂ ವೆಂಕಟರಾಮಯ್ಯ ಕೈಕಟ್ಟಿ ಕೇಳಿದರು.

"ಹೇಳೋಕೆ ಚೆನ್ನಾಗಿದೆ. ರುಜುವಾತು?"

ಪಾರ್ಥಸಾರಥಿ ಕೋಟಿನ ತೋಳು ಮಡಿಸಿದರು. ಪಂಚೆಯ ಆ ಮೂಲೆಯನ್ನು ಮುಂಗೈಯ ಒಳಭಾಗಕ್ಕೆ ಗಸಗಸ ಉಜ್ಜಿದರು; ಮೊಣಕೈಯಿಂದ ಮಣಿಕಟ್ಟಿನ ತನಕ ಒಂದು ನೇರ ಗೆರೆ. "ಮೂರು ದಿನ ಕೊಡಿ. ಕೂಸನ್ನು ಈ ಮನೆಯಿಂದ ಹೊರಗೆ ಬಿಡೋಲ್ಲ, ನಾನೂ ಹೋಗೋಲ್ಲ. ಹಗ್ಗ ಕಟ್ಟಿ ಬೇಕಾದರೆ. ಇದೇ ಗುಳ್ಳೆ ನನ್ನ ಕೈಮೇಲೆ ಏಳದಿದ್ದರೆ ನಾನೇ ಗಾಡಿ ಹೊಡಕೊಂಡು ಶೆಡ್ಡಿಗೆ ತಂದುಬಿಡ್ತೀನಿ. ಬರೆದುಕೊಡ್ತೀನಿ."

ವೆಂಕಟರಾಮಯ್ಯ ಕಾಗದ ಕೊಟ್ಟರು. ಪಾರ್ಥಸಾರಥಿ ಬರೆದರು. ಬೇವಿನ ಸೊಪ್ಪಿನ ಹಗ್ಗ ಮನೆಯ ಸುತ್ತ ಬಂತು. ಪಂಚೆ ಒಲೆ ಸೇರಿತು. ಕೂಸಿನ ಮೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚುವಾಗ ಅಂಕಮ್ಮ, "ಅಮ್ಮ ಮುನಿಸ್ಕಂಡ್ರೆ ನಿಮ್ ಬುಕ್ಕು ಬತ್ತದಾ ಅಡ್ಡಕ್ಕೆ?" ಎಂದು ಕೇಳಿದಳು. "ಬರುತ್ತೆ" ಎಂದರು ಪಾರ್ಥಸಾರಥಿ. "ಐದು ಸೇರು ತೂಕವಿದೆ."

ಮೊದಲನೆಯ ದಿನ ಕೈಮೇಲೆ ಏನೂ ಏಳಲಿಲ್ಲ. ಅದೇನೂ ದೊಡ್ಡದಲ್ಲ ಎಂದು ಜಗಲಿಯ ಮೇಲೆ ಕೂತು ಊರವರಿಗೆ ಇಸುಬಿನ ಬಗ್ಗೆ ಭಾಷಣ ಮಾಡಿದರು. ಎರಡನೆಯ ದಿನ ಮಧ್ಯಾಹ್ನವಾದರೂ ಕೈ ಹಾಲಿನಂತೆ ತಣ್ಣಗಿತ್ತು. ಭಾಷಣ ನಿಂತಿತು. ಪುಸ್ತಕ ತೆಗೆದು ನೋಡಿದರೆ, ಕೆಲವರ ಚರ್ಮಕ್ಕೆ ಇಂಥವು ತಾಗಿದರೂ ಏನೂ ಆಗುವುದಿಲ್ಲ ಎಂಬ ಸಾಲು ಕಣ್ಣಿಗೆ ಬಿತ್ತು. ಇಷ್ಟು ವರ್ಷ ಕಣ್ಣಿಗೆ ಬೀಳದ ಸಾಲು! ಇಪ್ಪತ್ತೆರಡು ವರ್ಷ ಕಾರ್ಬಾಲಿಕ್ಕಿನಲ್ಲೂ ಅಯೋಡಿನ್ನಿನಲ್ಲೂ ನೆಂದ ತೊಗಲು. ಇದು ಅಂಥದ್ದೇ ಆಗಿದ್ದರೆ? ಬರೆದುಕೊಟ್ಟ ಕಾಗದ ಇನ್ಸ್‌ಪೆಕ್ಟರ ಕಿಸೆಯಲ್ಲಿದೆ. ಶೆಡ್ಡಿನಲ್ಲಿ ಮೂವರು ಮಲಗಿದ್ದಾರೆ. ಕಾಯಿಲೆ ಇಲ್ಲದ ಕೂಸನ್ನು ಕಾಯಿಲೆಯ ಮಡಿಲಿಗೆ ತಾನೇ ಒಯ್ದು ಹಾಕಬೇಕು. ಮೈಗೆ ಗುಳ್ಳೆ ಬರಲಪ್ಪ ಎಂದು ದೇವರಿಗೆ ಹರಸಿಕೊಂಡ ಮನುಷ್ಯ ಮದ್ದೂರು ತಾಲ್ಲೂಕಿನಲ್ಲಿ ಅವರಿಗಿಂತ ಮುಂಚೆ ಯಾರೂ ಇದ್ದಿರಲಾರರು.

ಸುದ್ದಿ ತಿಳಿದಿದ್ದ ಆಂಡಾಳ್ ಸಂಜೆಯ ಬಸ್ಸಿಗೆ ಬಂದಳು, ಕೈಯಲ್ಲಿ ಮೊಸರನ್ನದ ಡಬ್ಬಿ. ಹಗ್ಗದ ಆಚೆಯೇ ನಿಂತಳು.

"ಬಂತೇ?"

"ಇಲ್ಲ."

"ನಿಮ್ಮ ಚರ್ಮ ದಪ್ಪ ಅಂತ ನಾನು ಮದುವೆಯಾದ ವರ್ಷವೇ ಹೇಳಿರಲಿಲ್ಲವೇ?"

"ಪಂಚೆ ಕೊಟ್ಟವಳು ನೀನು."

"ಕೊಟ್ಟೆ. ಆಯುಸ್ಸು ಕೇಳಿದರು, ಆಯುಸ್ಸಿನ ಪಂಚೆ ಕೊಟ್ಟೆ. ಅದರಲ್ಲಿ ಬೆಂಕಿ ಇದೆ ಅಂತ ನಿಮ್ಮ ಪುಸ್ತಕ ಮೊದಲೇ ಹೇಳಬಹುದಿತ್ತು." ಡಬ್ಬಿಯನ್ನು ಹಗ್ಗದ ಕೆಳಗೆ ತಳ್ಳಿದಳು. ಆಮೇಲೆ ದನಿ ತಗ್ಗಿಸಿದಳು. "ಬೆಳಗ್ಗೆ ಮಾದಯ್ಯನ ಮನೆಗೇ ಹೋಗಿ ಕೇಳಿ ಬಂದೆ. ಹೊಸದಾಗಿ ಕೆಲಸ ಕಲಿಯೋರಿಗೆ ಗೇರು ಮೂರನೇ ದಿನಕ್ಕೇ ಕೆಣಕೋದಂತೆ. ಹೆದರಬೇಡಿ. ಊಟ ಮಾಡಿ."

ಪುಸ್ತಕದಲ್ಲಿ ಇಲ್ಲದ ಈ ಮಾತನ್ನು ಅಂಚಿನಲ್ಲಿ ಬರೆದುಕೊಳ್ಳಲು ಪೆನ್ಸಿಲು ಹುಡುಕುವಷ್ಟರಲ್ಲಿ ಆಂಡಾಳ್ ಬಸ್ಸಿಗೆ ಹೊರಟುಹೋಗಿದ್ದಳು.

ಮೂರನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಪಾರ್ಥಸಾರಥಿಗೆ ಮುಂಗೈ ತುರಿಸಿತು. ಅವರು ಅಲ್ಲಾಡದೆ ನಿಂತರು. ಮತ್ತೆ ತುರಿಸಿತು. ಬಿಸಿಲಿಗೆ ಹಿಡಿದು ನೋಡಿದರೆ ಮೊಣಕೈಯಿಂದ ಮಣಿಕಟ್ಟಿನ ತನಕ, ದಾರದಲ್ಲಿ ಪೋಣಿಸಿದ ಹಾಗೆ, ಗುಳ್ಳೆಗಳು ಎದ್ದು ನಿಂತಿದ್ದವು. ಬುಡದ ಬಣ್ಣ ಬದನೆಕಾಯಿಯದು. ಹನ್ನೊಂದು ಕೆಂಪಿನಲ್ಲಿ ಒಂದೂ ಅಲ್ಲ! "ಬಂತು!" ಎಂದು ಅವರು ಹಾಕಿದ ಕೂಗಿಗೆ ಅಂಕಮ್ಮ ಒಳಗಿನಿಂದ ಓಡಿಬಂದಳು.

"ಏನ್ ಬಂತು ಸೋಮಿ?"

"ಗುಳ್ಳೆ! ಸುರಿಮಳೆ ಗುಳ್ಳೆ! ನೋಡು, ನೋಡು!"

"ನೀವ್ ಒಬ್ರೇ ಕಣಪ್ಪ, ಇಂಗ್ ಕುಣಿಯೋರು" ಎಂದಳು ಅಂಕಮ್ಮ. ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು, ಕೂಸಿನ ತಲೆ ಮುಟ್ಟಿ ನೆಟಿಕೆ ಮುರಿದಳು.

ವೆಂಕಟರಾಮಯ್ಯ ಗಾಡಿ ಹೂಡಿಸಿಕೊಂಡು ಹೊತ್ತೇರುವ ಮೊದಲೇ ಬಂದರು. ಪಾರ್ಥಸಾರಥಿಯ ತೋಳನ್ನು ಹಿಡಿದು ಸುಮಾರು ಹೊತ್ತು ನೋಡಿದರು. ಕೂಸಿನ ಬೆನ್ನು ನೋಡಿದರು. ಬಾಡಿದ ಗುಳ್ಳೆಗಳ ಮೇಲೆ ಹಕ್ಕಳೆ ಕಟ್ಟುತ್ತಿತ್ತು, ಹೊಸದು ಒಂದೂ ಎದ್ದಿರಲಿಲ್ಲ. ಮುಖ ನೋಡಿದರು, ಅಂಗೈ ಬಿಡಿಸಿ ನೋಡಿದರು, ಅಂಗಾಲು ನೋಡಿದರು. ಬರೆದುಕೊಟ್ಟ ಕಾಗದವನ್ನು ಕಿಸೆಯಿಂದ ತೆಗೆದು ಎರಡು ಸೀಳು ಮಾಡಿದರು.

"ಗಾಡಿ ವಾಪಸ್ ಕಳಿಸಿಬಿಡ್ತೀನಿ" ಎಂದರು. "ಆದರೆ ಊರ ಹೊರಗೆ ಸಿಡುಬು ಇರೋದು ನಿಜ. ಈ ಕೂಸಿಗೆ ಈಗಲೇ, ಇಲ್ಲೇ ದೇವಿ ಹಾಕ್ತೀನಿ. ಇದಕ್ಕೆ ನಿಮ್ಮದು ಏನಾದರೂ ತಕರಾರಿದೆಯೇನ್ರೀ?"

"ಎರಡನೆಯ ಸಂಪುಟದಲ್ಲಿ ಅದಕ್ಕೊಂದು ಇಡೀ ಅಧ್ಯಾಯವಿದೆ..." ಎಂದು ಪಾರ್ಥಸಾರಥಿ ಶುರು ಮಾಡಿದರು.

"ತಕರಾರಿದೆಯೇ ಇಲ್ಲವೇ?"

"ಇಲ್ಲ."

ವೆಂಕಟರಾಮಯ್ಯ ಚೀಲದಿಂದ ಸೂಜಿ, ಸೀಸೆ ತೆಗೆದರು. ಕೂಸಿನ ಎಡದ ತೋಳನ್ನು ಒರೆಸಿ, ಗೀರಿದರು. ಮೂರು ದಿನ ಎಲ್ಲರನ್ನೂ ಸಹಿಸಿಕೊಂಡಿದ್ದ ಕೂಸು ಈಗ ಬಾಯಿ ತೆರೆಯಿತು. ಆ ಅರಚಾಟಕ್ಕೆ ಗಾಡಿಯ ಎತ್ತುಗಳು ಕಿವಿ ನಿಮಿರಿಸಿದವು, ಎದುರುಮನೆಯವರು ಹೊರಗೆ ಬಂದರು. ಗೀರಿದ ಜಾಗಕ್ಕೆ ಗಾಳಿ ಬಿಡಬೇಕು ಎಂದು ಇನ್ಸ್‌ಪೆಕ್ಟರು ಹೇಳಿದರು, ಎಣ್ಣೆ ತಾಗಬಾರದು ಎಂದು ಕಾಂಪೌಂಡರು ಹೇಳಿದರು, ದೃಷ್ಟಿ ತೆಗೀಬೇಕು ಎಂದು ಅಜ್ಜಿ ಹೇಳಿದಳು. ಮೂವರೂ ಒಟ್ಟಿಗೆ ಕೈ ಚಾಚಿದರು.

ಯಶೋದಮ್ಮ ನಡುವೆ ಬಂದು ಕೂಸನ್ನು ಕಿತ್ತುಕೊಂಡಳು.

"ಆಯ್ತಲ್ಲ ನಿಮ್ದೆಲ್ಲ? ಇನ್ ಯಾರೂ ಮುಟ್ಟಂಗಿಲ್ಲ" ಎಂದಳು. ಮೂರು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರಚಾಟ ಮೆಲ್ಲಗೆ ಇಳಿದು, ಬಿಕ್ಕಾಗಿ, ಆಮೇಲೆ ಲೊಚಲೊಚ ಹಾಲು ಕುಡಿಯುವ ಸದ್ದಾಯಿತು. ಮುಚ್ಚಿದ ಬಾಗಿಲ ಮುಂದೆ ಮೂವರು ಪಂಡಿತರೂ ಅದನ್ನು ಕೇಳಿಸಿಕೊಳ್ಳುತ್ತ ನಿಂತರು.